ಹದಿಮೂರರ ಹುಡುಗ, ಮುನ್ನೂರು ರೂಪಾಯಿ, ಒಂದು ಭಾನುವಾರ: ಕಲಬುರಗಿಯಲ್ಲಿ ಎಲ್ಲಿಗೆ ಹೋಗೋಣ?

“ಅಲ್ಲೇನದ ಮಮ್ಮಿ, ಬರೀ ಕಲ್ಲು.”

ಕೋಟೆಗೆ ಹೋಗೋಣ ಬಾ ಅಂದಾಗ ನನ್ನ ಮಗ ಕೊಟ್ಟ ಉತ್ತರ ಇದು. ಎರಡು ವರ್ಷದ ಹಿಂದೆ ಇದೇ ಹುಡುಗನಿಗೆ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕರೆ ಸಾಕಿತ್ತು, ಎಲ್ಲಿಗೆ ಎಂದು ಕೇಳುತ್ತಲೂ ಇರಲಿಲ್ಲ. ಈಗ ಹದಿಮೂರು. ಗಾರ್ಡನ್ನಿನ ಜಾರುಬಂಡಿ ಅವನಿಗೆ ಸಣ್ಣದಾಗಿದೆ, ನಮ್ಮ ಉಪದೇಶ ಉದ್ದವಾಗಿದೆ, ಗೆಳೆಯರು ಎದುರಾದರೆ ನನ್ನಿಂದ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಾನೆ. ಹಾಗಂತ ಒಬ್ಬನನ್ನೇ ಊರು ತಿರುಗಲು ಬಿಡುವ ವಯಸ್ಸೂ ಅಲ್ಲ.

ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚಿದಾಗ ಈ ವಯಸ್ಸಿನ ಮಕ್ಕಳಿರುವವರೆಲ್ಲ ಇದನ್ನೇ ಮಾತಾಡುತ್ತೇವೆ. “ಏನ್ರೀ ಅಕ್ಕಾ, ರಜಾದಾಗ ಹುಡುಗರ್ನ ಎಲ್ಲಿ ಕರಕೊಂಡು ಹೋಗ್ತೀರಿ? ಮಾಲ್‌ಗೆ ಹೋದ್ರ ಸಾವಿರ ರೂಪಾಯಿ ಹೋಗ್ತದ, ಮನ್ಯಾಗ ಕುಂತ್ರ ಮೊಬೈಲ್ ಬಿಡಂಗಿಲ್ಲ.” ಒಂದೂವರೆ ವರ್ಷದಿಂದ ತಿಂಗಳಿಗೆರಡು ಭಾನುವಾರ ನಾನು ಈ ಪ್ರಯೋಗ ಮಾಡುತ್ತ ಬಂದಿದ್ದೇನೆ. ಕೆಲವೊಮ್ಮೆ ಮಗ ಒಬ್ಬನೇ, ಕೆಲವೊಮ್ಮೆ ಜೊತೆಗೆ ನನ್ನ ತಂಗಿಯ ಮಗಳು. ಅವಳಿಗೆ ಹದಿನಾಲ್ಕು. ಖರ್ಚನ್ನೆಲ್ಲ ಹಳೇ ಡೈರಿಯೊಂದರಲ್ಲಿ ಬರೆದಿಟ್ಟಿದ್ದೇನೆ, ಅದನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಳತೆಗೋಲು

ನಾಲ್ಕು ಪ್ರಶ್ನೆ ಕೇಳಿಕೊಂಡರೆ ಅರ್ಧ ಗೊಂದಲ ಮನೆಯಲ್ಲೇ ಮುಗಿಯುತ್ತದೆ.

ಒಂದು, ರೊಕ್ಕ. ನನ್ನ ಮಿತಿ ಇಬ್ಬರಿಗೆ ಮುನ್ನೂರು ರೂಪಾಯಿ, ಮನೆಯ ಬೀಗ ಹಾಕಿದಾಗಿನಿಂದ ತೆಗೆಯುವವರೆಗೆ. ನಮ್ಮೂರಿನಲ್ಲಿ ನೋಡುವ ಜಾಗಗಳಿಗೆ ಪ್ರವೇಶ ಶುಲ್ಕ ಇಲ್ಲ, ಇದ್ದರೂ ಅಲ್ಪ. ರೊಕ್ಕ ಸೋರುವುದು ಆಟೋ ಮತ್ತು ತಿಂಡಿಯಲ್ಲಿ. ಆದ್ದರಿಂದ ಜಾಗದ ಟಿಕೆಟ್ ಎಷ್ಟು ಎಂದು ಕೇಳುವ ಮೊದಲು ಅಲ್ಲಿಗೆ ಸಿಟಿ ಬಸ್ ಹೋಗುತ್ತದೆಯೇ ಎಂದು ಕೇಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ನನಗೂ ತಂಗಿಯ ಮಗಳಿಗೂ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ರೊಕ್ಕ ಇಲ್ಲ, ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಮಗನಿಗೆ ಹನ್ನೆರಡು ದಾಟಿದ್ದರಿಂದ ಅರ್ಧ ಟಿಕೆಟ್ಟೂ ಇಲ್ಲ, ಪೂರ್ತಿ ಟಿಕೆಟ್. “ಮೂರು ಮಂದ್ಯಾಗ ನಾ ಒಬ್ಬನ ಯಾಕ್ ರೊಕ್ಕ ಕೊಡಬೇಕು?” ಎಂಬ ತಕರಾರು ಪ್ರತಿ ಸಲ ಇರುತ್ತದೆ. ಹೆಣ್ಣುಮಗಳೊಬ್ಬಳನ್ನೇ ಕರೆದುಕೊಂಡು ಹೋಗುವ ತಾಯಂದಿರಿಗೆ ಈ ಲೆಕ್ಕದಲ್ಲಿ ನನಗಿಂತ ಅನುಕೂಲ.

ಎರಡು, ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತೆರಡು ಡಿಗ್ರಿ ದಾಟುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಬಯಲಿನ ಜಾಗ, ಮಾರ್ಚ್‌ನಿಂದ ಜೂನ್ ಅರ್ಧದವರೆಗೆ ನೆರಳಿನ ಜಾಗ ಅಥವಾ ಸಂಜೆ ಐದರ ನಂತರ. ನಡುಮಧ್ಯಾಹ್ನ ಬಯಲಿಗೆ ಒಯ್ದ ಹುಡುಗ ಮುಂದಿನ ಸಲ ಚಪ್ಪಲಿ ಹಾಕುವುದೇ ಇಲ್ಲ.

ಮೂರು, ಶೌಚಾಲಯ. ಗಂಡುಮಕ್ಕಳ ತಂದೆತಾಯಿ ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹದಿನಾಲ್ಕರ ಹುಡುಗಿ ಜೊತೆಗಿದ್ದರೆ ಇದು ಎಲ್ಲಕ್ಕಿಂತ ಮೊದಲು. ತಂಗಿಯ ಮಗಳು ಒಮ್ಮೆ ನೀರೇ ಕುಡಿಯದೆ ಮೂರು ತಾಸು ತಿರುಗಿದ್ದಳು. ಯಾಕೆಂದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ನಾಲ್ಕನೆಯದು ನಾನು ತಡವಾಗಿ ಕಲಿತದ್ದು, ಉಳಿದ ಮೂರಕ್ಕಿಂತ ತೂಕದ್ದು: ಅಲ್ಲಿ ಇವನಿಗೆ ಏನು ಕೆಲಸ? ಹತ್ತು ವರ್ಷದ ಮಗುವಿಗೆ ಜಾಗ ತೋರಿಸಿದರೆ ನಡೆಯುತ್ತದೆ. ಹದಿಮೂರರವನಿಗೆ ತೋರಿಸುವುದೇ ತಪ್ಪು. ಅಳೆಯುವುದು, ಎಣಿಸುವುದು, ದಾರಿ ಹುಡುಕುವುದು, ರೊಕ್ಕದ ಲೆಕ್ಕ ಇಡುವುದು, ಏನಾದರೊಂದು ಹೊಣೆ ಅವನ ಮೇಲಿರಬೇಕು. ಕೆಳಗಿನ ಪ್ರತಿ ಜಾಗವನ್ನೂ ನಾನು ಇದೇ ಪ್ರಶ್ನೆ ಇಟ್ಟು ತೂಗಿದ್ದೇನೆ.

ಕೋಟೆ: ಖರ್ಚು ಕಮ್ಮಿ, ಬಿಸಿಲು ಜಾಸ್ತಿ, ಕೆಲಸ ಬೇಕಾದಷ್ಟು

ಬರೀ ಕಲ್ಲು ಅಂದವನನ್ನು ಕೋಟೆಗೆ ಎಳೆದುಕೊಂಡು ಹೋಗಿದ್ದು ಒಂದು ಲೆಕ್ಕದ ಆಸೆ ತೋರಿಸಿ. ಒಂದು ಬುರುಜಿನ ಮೇಲೆ ಉದ್ದನೆಯ ತೋಪು, ಅಂದರೆ ಫಿರಂಗಿ, ಇದೆಯಲ್ಲ, ಅದನ್ನು ಜನ ಬಾರಾ ಗಜಿ ತೋಪು ಎನ್ನುತ್ತಾರೆ, ಹನ್ನೆರಡು ಗಜದ್ದು ಎಂದರ್ಥ. ಮನೆಯಲ್ಲಿ ಬಿದ್ದಿದ್ದ ಟೇಪು ಅವನ ಕೈಗೆ ಕೊಟ್ಟು, “ಹೌದೋ ಅಲ್ಲೋ ಅಳೆದು ಹೇಳು” ಎಂದೆ. ಗಜಕ್ಕೆ ಮೂರಡಿಯಾದರೆ ಹನ್ನೆರಡು ಗಜ ಮೂವತ್ತಾರು ಅಡಿ. ತೋಪಿನ ಉದ್ದ ಸುಮಾರು 29 ಅಡಿ. “ಏಳು ಅಡಿ ಎಲ್ಲಿ ಹೋಯ್ತು ಮಮ್ಮಿ?” ಎಂದು ತೋಪಿನ ಸುತ್ತ ಎರಡು ಸುತ್ತು ಹಾಕಿದ. ಮುರಿದಿದೆಯೇನೋ ಎಂದು ಬಾಯಿಗೆ ಕೈ ಹಾಕಿ ನೋಡಿದ. ಗಜ ಎಂಬುದು ಈಗಿನ ಮೂರಡಿಯ ಗಜವೇ ಆಗಬೇಕಿಲ್ಲ, ಹಿಂದಿನ ಕಾಲದಲ್ಲಿ ಊರಿಗೊಂದು, ಕಾಲಕ್ಕೊಂದು ಗಜ ಇತ್ತು ಎಂದು ನಾನು ಹೇಳಿದ್ದಕ್ಕೆ, 29 ಅಡಿಯನ್ನು ಅಂಗುಲ ಮಾಡಿ, ಹನ್ನೆರಡರಿಂದ ಭಾಗಿಸಿ, “ಹಂಗಾದ್ರ ಅವರ ಗಜ 29 ಅಂಗುಲ” ಎಂದು ತೀರ್ಪು ಕೊಟ್ಟ. ಸರಿಯೋ ತಪ್ಪೋ, ಆ ಅರ್ಧ ಗಂಟೆ ಮೊಬೈಲು ಜೇಬಿನಿಂದ ಹೊರಗೆ ಬಂದದ್ದು ಭಾಗಾಕಾರಕ್ಕೆ ಮಾತ್ರ.

ಕೋಟೆಯ ಕತೆಯನ್ನು ಉದ್ದ ಹೇಳಬೇಡಿ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾಹ ದೆಹಲಿಯಿಂದ ಬೇರೆಯಾಗಿ ಬಹಮನಿ ರಾಜ್ಯ ಕಟ್ಟಿದ, ನಮ್ಮೂರು ಅದರ ರಾಜಧಾನಿಯಾಯಿತು, ಮುಂದೆ ಅಹಮದ್ ಶಾಹ ರಾಜಧಾನಿಯನ್ನು ಬೀದರಿಗೆ ಒಯ್ದ. ಇಷ್ಟು ಸಾಕು. ಉಳಿದದ್ದನ್ನು ಕಟ್ಟಡಗಳೇ ಹೇಳಲಿ.

ಒಳಗಿರುವ ಜಾಮಿ ಮಸೀದಿ ಬಿಸಿಲಿನ ಪ್ರಶ್ನೆಗೆ ಅರ್ಧ ಉತ್ತರ. 1367ರ ಕಟ್ಟಡ. ಸಾಮಾನ್ಯವಾಗಿ ಇಂಥ ದೊಡ್ಡ ಮಸೀದಿಯಲ್ಲಿ ನಡುವೆ ತೆರೆದ ಅಂಗಳ ಇರುತ್ತದೆ, ಇಲ್ಲಿ ಅಂಗಳವೇ ಇಲ್ಲ. 216 ಅಡಿ ಉದ್ದ, 176 ಅಡಿ ಅಗಲದ ಜಾಗಕ್ಕೆ ಪೂರ್ತಿ ಮಾಡು. ಒಳಗೆ ಕಾಲಿಟ್ಟರೆ ತಂಪು. ಪಕ್ಕದ ಸಾಲಿನ ಅಗಲವಾದ ಕುಳ್ಳ ಕಮಾನುಗಳು ಒಂದರ ಹಿಂದೊಂದು ನಿಂತು ಕನ್ನಡಿಯೊಳಗಿನ ಕನ್ನಡಿಯ ಹಾಗೆ ಕಾಣುತ್ತವೆ. ತಂಗಿಯ ಮಗಳು ಇಲ್ಲಿ ತೆಗೆದ ಫೋಟೋಗಳನ್ನೇ ತಿಂಗಳುಗಟ್ಟಲೆ ಸ್ಟೇಟಸ್ ಇಟ್ಟಳು. ಇದು ಪ್ರಾರ್ಥನೆಯ ಜಾಗ. ನಮಾಜಿನ ಹೊತ್ತು ಬಿಟ್ಟು, ಚಪ್ಪಲಿ ಬಿಚ್ಚಿ, ಅಲ್ಲಿದ್ದವರನ್ನು ಕೇಳಿ ಹೋಗಬೇಕು. ಹೊರಗೆ ಬಂದಮೇಲೆ ಮೇಲಿನ ಗುಮ್ಮಟಗಳನ್ನು ಎಣಿಸುವ ಪಂದ್ಯ ಇಟ್ಟೆವು. ನನ್ನ ಲೆಕ್ಕಕ್ಕೂ ಅವನ ಲೆಕ್ಕಕ್ಕೂ ಹೊಂದಲಿಲ್ಲ, ಮತ್ತೊಮ್ಮೆ ಹೋಗಲು ಅದೇ ನೆಪವಾಯಿತು.

ಡೈರಿಯ ಪ್ರಕಾರ ಆ ದಿನದ ಖರ್ಚು ನೂರಾ ಹತ್ತು ರೂಪಾಯಿ: ಅವನ ಬಸ್ ಟಿಕೆಟ್, ಬಿಸಿ ಮಿರ್ಚಿ ಭಜಿ, ಮಂಡಾಳ, ಎರಡು ನಿಂಬೆ ಶರಬತ್ತು. ಕೊರತೆ ಮೂರು. ಬುರುಜುಗಳ ಮೇಲೆ ನೆರಳಿಲ್ಲ, ಬೆಳಿಗ್ಗೆ ಒಂಬತ್ತೂವರೆಗೆಲ್ಲ ಕೆಳಗಿಳಿದಿರಬೇಕು. ಶೌಚಾಲಯದ ಕೆಲಸ ಬಸ್‌ಸ್ಟ್ಯಾಂಡಿನಲ್ಲೋ ಹೋಟೆಲಿನಲ್ಲೋ ಮುಗಿಸಿಕೊಂಡೇ ಹೊರಡಬೇಕು. ಬುರುಜಿನ ಅಂಚಿಗೆ ತಡೆಗೋಡೆ ಎಲ್ಲ ಕಡೆ ಇಲ್ಲ, ಹದಿಮೂರರ ಹುಡುಗ ಎಂದರೆ ಅಂಚಿಗೇ ಹೋಗಿ ನಿಲ್ಲುವವನು. ಒಬ್ಬ ಗೆಳೆಯ ಜೊತೆಗಿದ್ದರಂತೂ ಕೇಳಲೇಬೇಡಿ.

ಜಿಲ್ಲಾ ವಿಜ್ಞಾನ ಕೇಂದ್ರ: ಬೇಸಿಗೆಯ ಆಸರೆ

1984ರಲ್ಲಿ ಶುರುವಾದ ಈ ಕೇಂದ್ರವನ್ನು ರಾಷ್ಟ್ರೀಯ ವಿಜ್ಞಾನ ವಸ್ತುಸಂಗ್ರಹಾಲಯ ಪರಿಷತ್ತು ನಡೆಸುತ್ತದೆ. ಬಿಸಿಲಿಲ್ಲ, ಟಿಕೆಟ್ ಜೇಬಿಗೆ ಭಾರವಲ್ಲ, ಹುಡುಗಿಯರನ್ನು ಕರೆದುಕೊಂಡು ಹೋಗಲು ನಿಶ್ಚಿಂತೆ. ಬಿಸಿಲು, ಶೌಚಾಲಯ, ಈ ಎರಡು ಪ್ರಶ್ನೆಗೆ ಇದು ಕೋಟೆಗಿಂತ ಮುಂದೆ.

ತೊಡಕಿರುವುದು ನಾಲ್ಕನೆಯ ಪ್ರಶ್ನೆಯಲ್ಲಿ. “ನಮ್ ಸಾಲ್ಯಾಗ ಎರಡು ಸಲ ಕರಕೊಂಡು ಹೋಗ್ಯಾರ, ಏನೂ ನೋಡಕ ಬಿಟ್ಟಿಲ್ಲ, ಬರೀ ಲೈನ್” ಎಂದ ಮಗ. ಆ ಮಾತಿನಲ್ಲೇ ದಾರಿ ಇತ್ತು. ಸಾಲಿನಲ್ಲಿ ನಿಲ್ಲಿಸಿ ಗುಂಡಿ ಒತ್ತಿಸಿ ಮುಂದೆ ದಬ್ಬುವುದು ಬೇರೆ, ಒಂದೇ ಮಾದರಿಯ ಮುಂದೆ ಇಪ್ಪತ್ತು ನಿಮಿಷ ನಿಲ್ಲುವುದು ಬೇರೆ. ನಾವು ಮಾಡಿಕೊಂಡ ಕರಾರು ಹೀಗೆ: ಅವನಿಗೆ ಇಷ್ಟವಾದ ಐದು ಮಾದರಿಯನ್ನು ಅವನೇ ಆರಿಸಬೇಕು, ನನಗೆ ತಿಳಿಯುವ ಹಾಗೆ ವಿವರಿಸಬೇಕು, ನಾನು ಕೇಳುವ ಪ್ರಶ್ನೆಗೆ ಉತ್ತರ ಕೊಡಬೇಕು. ನಾನು ಕಲಾ ವಿಭಾಗದವಳು. ನನ್ನ ಪ್ರಶ್ನೆಗಳು ಪೆದ್ದು ಪ್ರಶ್ನೆಗಳೇ, ನಟಿಸುವ ಅಗತ್ಯ ಬೀಳಲಿಲ್ಲ. ಅವ್ವನಿಗೆ ಗೊತ್ತಿಲ್ಲದ್ದು ತನಗೆ ಗೊತ್ತು ಎಂಬ ಗತ್ತಿನಲ್ಲಿ ಅವನು ಎರಡು ತಾಸು ಮಾತಾಡಿದ. ಮನೆಯಲ್ಲಿ ವಾರಕ್ಕೆ ಅಷ್ಟು ಮಾತಾಡುವುದಿಲ್ಲ.

ಒಂದು ಎಚ್ಚರಿಕೆ: ಇದು ಹತ್ತರಿಂದ ಹದಿನಾಲ್ಕರವರೆಗಿನ ಜಾಗ. ಅಲ್ಲಿಂದ ಮುಂದೆ ಹಿಡಿಸುವುದು ಕಷ್ಟ. ತಂಗಿಯ ಮಗಳು ಒಂದು ತಾಸಿಗೇ ಗಡಿಯಾರ ನೋಡತೊಡಗಿದ್ದಳು. ವರ್ಷಕ್ಕೆ ಎರಡು ಸಲ ಸಾಕು, ಅದೂ ಏಪ್ರಿಲ್, ಮೇನಲ್ಲಿ. ಚಳಿಗಾಲದ ಒಳ್ಳೆಯ ಭಾನುವಾರವನ್ನು ಇಲ್ಲಿ ಕಳೆಯಬೇಡಿ.

ಸೇಡಂ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯವೂ ನೆರಳಿನ ಜಾಗವೇ. ಬಹಮನಿ ಕಾಲದ ಗುಮ್ಮಟದ ಕಟ್ಟಡಗಳಲ್ಲೇ ಇರುವುದರಿಂದ ಒಳಗಿನ ವಸ್ತುವಿನಷ್ಟೇ ಕಟ್ಟಡವೂ ನೋಡುವಂಥದ್ದು. ಸಣ್ಣದು, ಮುಕ್ಕಾಲು ತಾಸಿನಲ್ಲಿ ಮುಗಿಯುತ್ತದೆ. ಅದಕ್ಕಾಗಿಯೇ ಹೊರಡುವುದು ಬೇಡ, ಆ ಕಡೆ ಬೇರೆ ಕೆಲಸವಿದ್ದಾಗ ಹೊಕ್ಕು ಬನ್ನಿ.

ಹಫ್ತ್ ಗುಂಬಜ್ ಮತ್ತು ದರ್ಗಾ: ಸಂಜೆಗೆ ಇದರ ಸರಿಸಾಟಿ ಇಲ್ಲ

ನನ್ನನ್ನು ಕೇಳಿದರೆ ಊರೊಳಗಿನ ಜಾಗಗಳಲ್ಲಿ ಇದೇ ಮೊದಲು. ಊರಿನ ಪೂರ್ವಕ್ಕೆ, ದರ್ಗಾದ ದಾರಿಯಲ್ಲೇ ಏಳು ಗುಮ್ಮಟಗಳ ಗುಂಪು. ಬಹಮನಿ ಸುಲ್ತಾನರ ಮತ್ತು ಅವರ ಮನೆತನದವರ ಗೋರಿಗಳು. ಎಲ್ಲಕ್ಕಿಂತ ದೊಡ್ಡದು ಫಿರೋಜ್ ಶಾಹನದು, ಜೋಡಿ ಗುಮ್ಮಟದ್ದು. ಇಲ್ಲಿ ಕೊಡಬಹುದಾದ ಕೆಲಸ ಪತ್ತೇದಾರಿಕೆ. “ಇವುಗಳಲ್ಲಿ ಹಳೇದು ಯಾವುದು, ಹೊಸದು ಯಾವುದು, ಫಲಕ ಓದದೆ ಹೇಳು.” ಮುಂಚಿನವು ಗಟ್ಟಿ, ಸಾದಾ, ಗೋಡೆ ಮೇಲಕ್ಕೆ ಹೋದಂತೆ ಒಳಕ್ಕೆ ವಾಲಿದಂತಿರುತ್ತವೆ. ಫಿರೋಜ್ ಶಾಹನ ಹೊತ್ತಿಗೆ ಗಾರೆಯ ಕುಸುರಿ, ದೇವಸ್ಥಾನದಲ್ಲಿ ಕಾಣುವಂಥ ಛಜ್ಜ, ಅಂದರೆ ಮುಂದಕ್ಕೆ ಚಾಚಿದ ಸೂರು, ಬಂದಿರುತ್ತದೆ. ಮಗ ಇದನ್ನು ಕಂಡುಹಿಡಿಯಲಿಲ್ಲ. ಕಂಡುಹಿಡಿದದ್ದು ತಂಗಿಯ ಮಗಳು. “ದೊಡ್ಡವ್ವ, ಇದು ನಮ್ಮ ಗುಡಿ ಛಜ್ಜದಂಗ ಅದ ನೋಡ್ರಿ” ಎಂದಳು. ಮಗ ಗುಮ್ಮಟದೊಳಗೆ ಚಪ್ಪಾಳೆ ತಟ್ಟಿ ಪ್ರತಿಧ್ವನಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಅಳೆಯುತ್ತಿದ್ದ. ಒಬ್ಬೊಬ್ಬರಿಗೆ ಒಂದೊಂದು ಕೆಲಸ.

ಅಲ್ಲಿಂದ ನಡೆದೇ ದರ್ಗಾ. ಸೂಫಿ ಸಂತ ಖ್ವಾಜಾ ಬಂದೇ ನವಾಜರು 1400ರ ಸುಮಾರಿಗೆ ಫಿರೋಜ್ ಶಾಹನ ಕಾಲದಲ್ಲಿ ಈ ಊರಿಗೆ ಬಂದವರು, ತೀರಿಕೊಂಡದ್ದು 1422ರಲ್ಲಿ. ಅದೇ ವರ್ಷ ಫಿರೋಜ್ ಶಾಹನೂ ಹೋದ. ಈಗ ನೋಡಿದ ಜೋಡಿ ಗುಮ್ಮಟದ ದೊರೆ, ಈಗ ಕಾಲಿಡುತ್ತಿರುವ ಜಾಗದ ಸಂತ, ಇಬ್ಬರೂ ಒಂದೇ ವರ್ಷ. ದೊರೆಯ ಗೋರಿಯಲ್ಲಿ ಪಾರಿವಾಳ, ಸಂತನ ಗೋರಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಅವರೇ ಹೇಳಲಿ ಎಂದು ಕಾದೆ. ಯಾರೂ ಹೇಳಲಿಲ್ಲ, ಇಬ್ಬರ ಕಣ್ಣೂ ಮಿಠಾಯಿ ಅಂಗಡಿಯ ಮೇಲಿತ್ತು.

ತಲೆಗೆ ವಸ್ತ್ರ, ಟೊಪ್ಪಿಗೆ ಇರಲಿ. ಉರುಸಿನ ದಿನಗಳಲ್ಲಿ ಜನಸಾಗರ. ಅದನ್ನು ನೋಡಲೆಂದೇ ಹೋಗುವುದಾದರೆ ಸರಿ, ಆರಾಮಾಗಿ ತಿರುಗಲು ಆ ದಿನಗಳು ಬೇಡ. ಖರ್ಚು ಪೂರ್ತಿ ತಿಂಡಿಯ ಮೇಲೆ. ನಾನು ಮಗನ ಕೈಗೆ ನೂರೈವತ್ತು ಕೊಟ್ಟು, ಮೂವರಿಗೆ ಇದರಲ್ಲೇ ತಿನ್ನಿಸು ಎಂದೆ. ಅಂಗಡಿ ಅಂಗಡಿ ಸುತ್ತಿ, ರೇಟು ಕೇಳಿ, ಕೊನೆಗೆ ಮೂರು ಮಾಲ್ಪುರಿ ಕೊಡಿಸಿ ಉಳಿದದ್ದನ್ನು ಜೇಬಿಗಿಳಿಸಿದ. ಲೆಕ್ಕ ಕೇಳಿದ್ದಕ್ಕೆ “ಮ್ಯಾನೇಜರ್ ಪಗಾರ” ಎಂದ.

ಬುದ್ಧ ವಿಹಾರ, ಅಪ್ಪನ ಕೆರೆ

ಎರಡೂ ಪುಕ್ಕಟೆ, ಎರಡೂ ಸಂಜೆಯವು. ಆದರೆ ಸ್ವಭಾವ ತದ್ವಿರುದ್ಧ.

ವಿಶ್ವವಿದ್ಯಾಲಯದ ಬಳಿಯ ಬುದ್ಧ ವಿಹಾರ 2009ರ ಜನವರಿಯಲ್ಲಿ ಉದ್ಘಾಟನೆಯಾದದ್ದು. ಬಿಳಿ ಗುಮ್ಮಟ, ಸಾಂಚಿಯ ಮಾದರಿಯ ತೋರಣ, ಶಿಸ್ತು, ಚೊಕ್ಕ. ಇಲ್ಲಿ ಮಾಡಲು ಏನೂ ಇಲ್ಲ, ಹಾಗಾಗಿ ನನ್ನ ನಾಲ್ಕನೇ ಅಳತೆಯಲ್ಲಿ ಇದು ಫೇಲಾಗಬೇಕಿತ್ತು. ಆದರೂ ಪಟ್ಟಿಯಲ್ಲಿಟ್ಟಿದ್ದೇನೆ, ಯಾಕೆಂದರೆ ಪರೀಕ್ಷೆಯಲ್ಲಿ ಅಂಕ ಕಮ್ಮಿ ಬಂದು ಮೂರು ದಿನ ಮುಖ ಊದಿಸಿಕೊಂಡಿದ್ದವನು ಇಲ್ಲಿಯ ಮೆಟ್ಟಿಲ ಮೇಲೆ ಕೂತು ತಾನಾಗಿಯೇ ಬಾಯಿಬಿಟ್ಟ. ಎದುರುಬದುರು ಕೂತು ಕೇಳಿದರೆ ಈ ವಯಸ್ಸಿನವರು ಹೇಳುವುದಿಲ್ಲ. ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತ ಕೂತರೆ ಹೇಳುತ್ತಾರೆ. ಮಾತಿರುವ ದಿನಕ್ಕೆ ಇದು ಒಳ್ಳೆಯದು, ಮಾತಿಲ್ಲದ ದಿನ ಅರ್ಧ ತಾಸಿಗೆ ಬೇಸರ. ಊರಿನಿಂದ ಆಚೆ ಇರುವುದರಿಂದ ಬಸ್ಸಿನ ಹೊತ್ತು ನೋಡಿಕೊಳ್ಳಿ. ವಾಪಸ್ ಆಟೋ ಹಿಡಿದರೆ ಬಜೆಟ್ಟಿನ ಅರ್ಧ ಅಲ್ಲೇ ಹೋಯಿತು.

ಅಪ್ಪನ ಕೆರೆ ಗದ್ದಲದ ಜಾಗ. ಕೆರೆಯ ಸುತ್ತ ನಡಿಗೆ, ಸಣ್ಣ ಮಕ್ಕಳು, ಪಾನಿಪುರಿ, ಪಕ್ಕದಲ್ಲೇ ಶರಣಬಸವೇಶ್ವರರ ಗುಡಿ. ಹದಿಮೂರರ ಜೊತೆಗೆ ಮನೆಯಲ್ಲಿ ಆರರ ತಂಗಿಯೋ ತಮ್ಮನೋ ಇದ್ದರೆ ಇಡೀ ಪಟ್ಟಿಯಲ್ಲಿ ಇಬ್ಬರಿಗೂ ಹೊಂದುವ ಜಾಗ ಇದೊಂದೇ. ದೊಡ್ಡವನಿಗೆ ಮಾತ್ರ ಹೋದರೆ “ಇದೇನ್ ಸಣ್ಣ ಹುಡುಗರ ಜಾಗ” ಎಂಬ ಮಾತು ಗ್ಯಾರಂಟಿ. ಜಾತ್ರೆಯ ಹೊತ್ತಿನಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ಹೋಳಿ ಹುಣ್ಣಿಮೆಯಾದ ಐದನೇ ದಿನ ತೇರು. ಅದಾದ ಮೇಲೂ ದಿನಗಟ್ಟಲೆ ಜೋಕಾಲಿ, ತೊಟ್ಟಿಲು, ಬಳೆ ಅಂಗಡಿ, ಬೆಂಡು ಬತ್ತಾಸು. ಪ್ರವೇಶ ಪುಕ್ಕಟೆ ನಿಜ, ಒಳಗೆ ಹೋದಮೇಲೆ ಪ್ರತಿ ತೊಟ್ಟಿಲಿಗೂ ರೊಕ್ಕ. ಕಳೆದ ಸಲ ಐನೂರು ಮುಗಿದದ್ದೇ ತಿಳಿಯಲಿಲ್ಲ. ಹೋಗುವ ಮುಂಚೆಯೇ “ಎರಡು ತೊಟ್ಟಿಲು, ಒಂದು ಶೂಟಿಂಗ್, ಒಂದು ತಿಂಡಿ” ಎಂದು ಒಪ್ಪಂದ ಮಾಡಿಕೊಳ್ಳಿ. ತೇರಿನ ದಿನದ ನೂಕುನುಗ್ಗಲು ತಪ್ಪಿಸಿ ಮೂರ್ನಾಲ್ಕು ದಿನ ಬಿಟ್ಟು ಹೋದರೆ ಉಸಿರಾಡಲು ಜಾಗವಿರುತ್ತದೆ.

ಮಾಲ್, ಸಿನಿಮಾ

ಇದನ್ನು ಬಿಟ್ಟು ಬರೆದರೆ ಮಕ್ಕಳ ಮತವನ್ನೇ ಕೈಬಿಟ್ಟಂತೆ. ಅವರನ್ನು ಕೇಳಿದರೆ ಹತ್ತಕ್ಕೆ ಒಂಬತ್ತು ಸಲ ಇದೇ. ಎಸಿ ಇದೆ, ಶೌಚಾಲಯ ಚೊಕ್ಕ, ಗೆಳೆಯರು ಕಂಡರೆ ಮರ್ಯಾದೆ ಹೋಗುವುದಿಲ್ಲ. ನನ್ನ ಡೈರಿಯಲ್ಲಿ ಒಂದು ಸಿನಿಮಾ ಭಾನುವಾರದ ಖರ್ಚು ಒಂಬೈನೂರ ಎಂಬತ್ತು, ಕೋಟೆಯ ಒಂಬತ್ತು ಭಾನುವಾರದ ಹತ್ತಿರ ಹತ್ತಿರ. ಎರಡೂವರೆ ತಾಸು ಕತ್ತಲಲ್ಲಿ ಮಾತಿಲ್ಲ. ಮುಗಿದ ಮೇಲೆ ಆಟೋದಲ್ಲಿ ಹತ್ತು ನಿಮಿಷ ಸಿನಿಮಾದ ಮಾತು, ಅಷ್ಟೇ. ಬೇಡ ಎನ್ನುವುದಿಲ್ಲ. ಮೂರು ತಿಂಗಳಿಗೊಮ್ಮೆ, ಪಾಪ್‌ಕಾರ್ನ್ ಬದಲು ಹೊರಗೆ ತಹರಿ ಅನ್ನ ಎಂಬ ಶರತ್ತಿನ ಮೇಲೆ ಹೋಗುತ್ತೇವೆ.

ದಿನವಿಡೀ ಸಿಕ್ಕರೆ ಬೀದರ್

ಇದು ನಗರದೊಳಗಿನದಲ್ಲ. ಆದರೆ ಚಳಿಗಾಲದಲ್ಲಿ ಒಂದು ಪೂರ್ತಿ ದಿನ ಸಿಕ್ಕರೆ ಊರೊಳಗಿನ ನಾಲ್ಕು ಸಂಜೆ ಬಿಟ್ಟು ಇದನ್ನೇ ಆರಿಸುತ್ತೇನೆ.

ಕಲಬುರಗಿ–ಬೀದರ್ ರೈಲು ಮಾರ್ಗ 2017ರ ಅಕ್ಟೋಬರ್ 29ರಂದು ಶುರುವಾಯಿತು, ಸುಮಾರು 110 ಕಿ.ಮೀ. ಪ್ಯಾಸೆಂಜರ್ ರೈಲಿನ ಟಿಕೆಟ್ ಒಂದು ಪ್ಲೇಟು ತಿಂಡಿಯಷ್ಟು. ಇಲ್ಲೂ ಹನ್ನೆರಡು ತುಂಬಿದವರಿಗೆ ಪೂರ್ತಿ ಟಿಕೆಟ್. ನಮ್ಮಂಥ ಹೆಂಗಸರಿಗೆ ಬಸ್ ಪುಕ್ಕಟೆ ಇರುವಾಗ ರೈಲಿಗೆ ರೊಕ್ಕ ಕೊಡುವುದು ದಡ್ಡತನವಲ್ಲವೇ ಎಂದು ಗೆಳತಿ ಕೇಳಿದಳು. ಅಮ್ಮ–ಮಗಳು ಹೋಗುವುದಾದರೆ ಬಸ್ಸೇ ಸರಿ, ಖರ್ಚು ಸೊನ್ನೆ, ಬೇಕಾದ ಹೊತ್ತಿಗೆ ವಾಪಸ್. ಗಂಡುಮಗನಿದ್ದರೆ ರೈಲಿಗೇ ಹೋಗಿ, ಅವನ ಟಿಕೆಟ್ ಬಸ್ಸಿಗಿಂತ ಅಗ್ಗ. ಕಮಲಾಪುರ ದಾಟಿ ಮರಗುತ್ತಿ ಹತ್ತಿರ ಒಂದೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಬರುತ್ತದೆ. ಬಯಲುಸೀಮೆಯಲ್ಲಿ ಹುಟ್ಟಿದ ಹುಡುಗನಿಗೆ ಸುರಂಗವೆಂದರೆ ಸಿನಿಮಾದಲ್ಲಿ ಕಂಡದ್ದು. ಬೋಗಿಯ ಹುಡುಗರೆಲ್ಲ ಒಟ್ಟಿಗೆ ಕೂಗಿದರು, ನನ್ನವನೂ ಕೂಗಿದ, ಬೆಳಕಿಗೆ ಬಂದಾಗ ಏನೂ ಆಗದವನಂತೆ ಕೂತ. ರೈಲಿನ ಕೊರತೆ ಎಂದರೆ ಅದರ ಹೊತ್ತಿಗೆ ನೀವು ಹೊಂದಬೇಕು. ಹೋಗುವ, ಬರುವ ವೇಳೆ ನೋಡಿ ದಿನವನ್ನು ಹೊಂದಿಸುವ ಕೆಲಸ ಪೂರ್ತಿ ಅವನಿಗೇ ಬಿಡಿ. ನಾವು ಹೋಗುವಾಗ ರೈಲು, ಬರುವಾಗ ಬಸ್ ಎಂದು ಅವನೇ ತೀರ್ಮಾನಿಸಿದ.

ಬೀದರ್‌ನಲ್ಲಿ ಚೌಬಾರಾ ಗೋಪುರ, ಗವಾನ್ ಮದರಸಾ, ಕೋಟೆ ಒಂದೇ ಬೀದಿಯಲ್ಲಿ ಸಾಲಾಗಿವೆ, ಆಟೋ ಬೇಕಿಲ್ಲ. ಮದರಸಾ 1472ರದ್ದು, ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ್ದು. ಎರಡು ಮಿನಾರು ಇದ್ದದ್ದು, ಈಗ ಒಂದೇ. ಔರಂಗಜೇಬನ ಕಾಲದಲ್ಲಿ, 1696ರಲ್ಲಿ, ಒಳಗಿಟ್ಟಿದ್ದ ಮದ್ದು ಸಿಡಿದು ಒಂದು ಪಾಲು ಹಾರಿಹೋಯಿತು. ಉಳಿದ ಗೋಡೆಯ ಮೇಲೆ ನೀಲಿ, ಹಸಿರು ಹೆಂಚುಗಳ ಚೂರುಗಳಿವೆ. ಎಲ್ಲಿಂದ ಎಲ್ಲಿಯವರೆಗೆ ಸಿಡಿದಿರಬೇಕು ಎಂದು ಗುರುತು ಹಿಡಿಯುವುದು ಇಲ್ಲಿಯ ಕೆಲಸ.

ಆದರೆ ಮಗನನ್ನು ಪೂರ್ತಿ ಹಿಡಿದಿಟ್ಟದ್ದು ಬಿದರಿ ಅಂಗಡಿ. ಸತು ಹೆಚ್ಚು, ತಾಮ್ರ ತುಸು ಸೇರಿಸಿ ಎರಕ ಹೊಯ್ದು, ಮೇಲೆ ಗೆರೆ ಕೊರೆದು ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೇ ಮಣ್ಣಿಗೆ ನವಸಾಗರ ಸೇರಿಸಿ ಕುದಿಸಿದ ನೀರು. ಅದರಲ್ಲಿ ಅದ್ದಿದರೆ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. “ಬೆಳ್ಳಿ ಯಾಕ್ ಕಪ್ಪಾಗಲ್ಲ ಅಂಕಲ್?” ಎಂದು ಕುಶಲಕರ್ಮಿಯನ್ನು ಬಿಡದೆ ಕೇಳಿದ. ಅವರು ಕೆಲಸ ನಿಲ್ಲಿಸದೆ ಉತ್ತರ ಕೊಟ್ಟರು. ಏನೂ ಕೊಳ್ಳದೆ ಅರ್ಧ ತಾಸು ನಿಂತದ್ದಕ್ಕೆ ನನಗೇ ಸಂಕೋಚವಾಗಿ ಒಂದು ಕೀ ಚೈನ್ ಕೊಂಡೆ. ಬಜೆಟ್ ಮೀರಿದ್ದು ಅಲ್ಲೇ. ನೀವೂ ಅಷ್ಟು ಎತ್ತಿಟ್ಟುಕೊಂಡೇ ಹೋಗಿ, ಕೈಕೆಲಸ ನೋಡಿ ಬರಿಗೈಯಲ್ಲಿ ಬರುವುದು ಸರಿ ಕಾಣುವುದಿಲ್ಲ.

ಮಧ್ಯಾಹ್ನದ ಊಟಕ್ಕೆ ನಾನಕ್ ಝೀರಾ ಗುರುದ್ವಾರದ ಲಂಗರ್. ಎಲ್ಲರಿಗೂ ಪುಕ್ಕಟೆ ಊಟ, ತಲೆ ಮುಚ್ಚಿ ಸಾಲಿನಲ್ಲಿ ಕೂರಬೇಕು. ಪುಕ್ಕಟೆ ಎಂದು ಉಂಡು ಎದ್ದುಬರುವ ಬದಲು ತಟ್ಟೆ ತೊಳೆಯುವ ಸೇವೆಗೆ ಹುಡುಗನನ್ನು ನಿಲ್ಲಿಸಿ. ಮನೆಯಲ್ಲಿ ಲೋಟ ಎತ್ತಿಡದವನು ಅಲ್ಲಿ ನಲವತ್ತು ತಟ್ಟೆ ತೊಳೆದ. ಮನೆಗೆ ಬಂದಮೇಲೆ ಲೋಟ ಮತ್ತೆ ಅಲ್ಲೇ.

ಇಬ್ಬರ ಒಟ್ಟು ಖರ್ಚು, ಕೀ ಚೈನ್ ಬಿಟ್ಟು, ಇನ್ನೂರ ಎಪ್ಪತ್ತು. ಬೆಳಿಗ್ಗೆ ಬೇಗ ಎದ್ದು ಹೊರಡಲೇಬೇಕು, ಮರಳುವಾಗ ರಾತ್ರಿ, ಮರುದಿನ ಸಾಲೆಗೆ ನಿದ್ದೆಗಣ್ಣು. ಭಾನುವಾರಕ್ಕಿಂತ ಎರಡನೇ ಶನಿವಾರ ಮೇಲು.

ನಿಮಗೆ ಯಾವುದು?

ಕೈಯಲ್ಲಿ ನೂರೇ ಇದ್ದರೆ ಕೋಟೆ, ಬೆಳಿಗ್ಗೆ ಏಳಕ್ಕೆ. ಹುಡುಗಿಯರಿದ್ದರೆ, ಅದರಲ್ಲೂ ಅವಳ ದಿನಗಳು ಹತ್ತಿರವಿದ್ದರೆ, ವಿಜ್ಞಾನ ಕೇಂದ್ರ, ಇಲ್ಲವೇ ಆ ವಾರ ಮನೆ. ಒತ್ತಾಯ ಬೇಡ. ಮೇ ತಿಂಗಳಾದರೆ ಹಗಲಿಗೆ ವಿಜ್ಞಾನ ಕೇಂದ್ರ ಇಲ್ಲವೇ ಸಂಜೆಗೆ ಹಫ್ತ್ ಗುಂಬಜ್, ಎರಡನ್ನೂ ಒಂದೇ ದಿನ ತುರುಕಬೇಡಿ. ಮುನಿಸಿಕೊಂಡಿದ್ದರೆ ಬುದ್ಧ ವಿಹಾರ. ಕ್ಲಾಸಿನ ಗೆಳೆಯನನ್ನು ಜೊತೆಗೆ ಕರೆಯುತ್ತೇನೆ ಎಂದರೆ ಖಂಡಿತ ಒಪ್ಪಿ, ಆದರೆ ಕೋಟೆಯ ಬುರುಜು ಬೇಡ, ದರ್ಗಾದ ಬೀದಿ ಸರಿ. ಗೆಳೆಯನಿದ್ದರೆ ನೀವು ಹತ್ತು ಹೆಜ್ಜೆ ಹಿಂದೆ ನಡೆಯಬೇಕಾಗುತ್ತದೆ, ಅದಕ್ಕೂ ತಯಾರಿರಿ.

ಯಾವುದನ್ನೂ ಆರಿಸಲಾಗದಿದ್ದರೆ ನಾವು ಮಾಡುವುದು ಇದು. ಎರಡು ಜಾಗವನ್ನು ನಾನು ಹೇಳುತ್ತೇನೆ, ಅದರಲ್ಲಿ ಒಂದನ್ನು ಅವನು ಆರಿಸುತ್ತಾನೆ. ಐದಾರು ಹೆಸರು ಒಟ್ಟಿಗೆ ಹೇಳಿದರೆ ಉತ್ತರ ಮಾಲ್ ಎಂದೇ ಬರುತ್ತದೆ. ಈ ವಾರ ಅಪ್ಪನ ಕೆರೆ ಅಥವಾ ಕೋಟೆ ಎಂದಿದ್ದೆ. ಟೇಪು ಎಲ್ಲಿದೆ ಎಂದು ಬೆಳಿಗ್ಗೆಯಿಂದ ಹುಡುಕುತ್ತಿದ್ದಾನೆ. ಗುಮ್ಮಟಗಳ ಲೆಕ್ಕ ಇನ್ನೂ ಬಾಕಿ ಇದೆ.